ಕಾಶವ್ವನ ವಸೂಲಿ

ಮಹಾಲಿಂಗಪ್ಪ ಸುಳ್ಳು ಹೇಳುವ ಮನುಷ್ಯನಲ್ಲ. ಎಲ್ಲಿ ಕೆಲಸ ಎಂದು ಯಾರಾದರೂ ಕೇಳಿದರೆ, "ಬ್ಯಾಂಕಿನ್ಯಾಗ ಅದೀನ್ರಿ" ಎಂದಷ್ಟೇ ಹೇಳಿ, ಟೈ ಸರಿಮಾಡಿಕೊಂಡು, ಮಾತನ್ನು ಹವೆಯ ಕಡೆಗೆ ತಿರುಗಿಸುತ್ತಿದ್ದ. ಹೇಳಿದ್ದು ನಿಜವೇ. ಲಂಡನ್ ಸಿಟಿಯ ದೊಡ್ಡದೊಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕೋಣೆಯಲ್ಲಿ, ಹದಿನಾಲ್ಕು ವರ್ಷಗಳಿಂದ ಅವನು ಟಪಾಲು ವಿಂಗಡಿಸುತ್ತಿದ್ದ. ಉಳಿದದ್ದನ್ನೆಲ್ಲ ಅವನು ವಾಸವಿದ್ದ ಇಲ್ಫರ್ಡ್ ಬಡಾವಣೆಯ ಕನ್ನಡಿಗರು ತಾವಾಗಿಯೇ ಸೇರಿಸಿಕೊಂಡಿದ್ದರು. ಮೊದಲ ಯುಗಾದಿಯ ಊಟದಲ್ಲಿ ಅವನನ್ನು ಕ್ಲಾರ್ಕ್ ಮಾಡಿದರು. ಮೂರನೆಯ ದೀಪಾವಳಿಗೆ ಆಫೀಸರ್ ಮಾಡಿದರು. ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಬಡ್ತಿಯನ್ನು ಅವನೇನೂ ಕೇಳಿರಲಿಲ್ಲ. ಆದರೆ ಅಷ್ಟು ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವಷ್ಟು ಒರಟನೂ ಆಗಿರಲಿಲ್ಲ.

ನಿಜ ಗೊತ್ತಿದ್ದವರು ಹೆಂಡತಿ ನೀಲಾಂಬಿಕಾ ಮತ್ತು ಹದಿನಾರರ ಮಗಳು ಸ್ಫೂರ್ತಿ ಇಬ್ಬರೇ. ನೀಲಾಂಬಿಕಾ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು, ಅದನ್ನು ಹಾಗೆಯೇ ಹೇಳಿಕೊಳ್ಳುತ್ತಿದ್ದಳು. ಗಂಡನ ಕೋಟಿನ ತೋಳಿಗೆ ಅಂಟಿದ ಗೋಂದನ್ನು ಶನಿವಾರ ಶನಿವಾರ ಒರೆಸುತ್ತ ಸುಮ್ಮನಿರುತ್ತಿದ್ದಳು.

2005ರ ಜೂನ್ ತಿಂಗಳಲ್ಲಿ ಕನ್ನಡ ಸಂಘದ ಕಾರ್ಯದರ್ಶಿ ಉದಯಶಂಕರ್ ಅವರ ಫೋನು ಬಂತು. ಅವರು ಬೆಂಗಳೂರಿನವರು, ಫೋನಿನಲ್ಲೂ ವೇದಿಕೆಯ ಮೇಲೆ ನಿಂತಂತೆಯೇ ಮಾತಾಡುವವರು.

"ಮಹಾಲಿಂಗಪ್ಪನವ್ರೇ, ನಿಮ್ಮಿಂದ ಒಂದು ದೊಡ್ಡ ಉಪಕಾರ ಆಗ್ಬೇಕು. ಇಲ್ಲೊಂದು ಟ್ರಸ್ಟ್‌ನವ್ರು ಬಿಜಾಪುರದ ಕಡೆಯಿಂದ ಕಾಶವ್ವ ಅನ್ನೋರನ್ನ ಕರೆಸ್ತಿದ್ದಾರೆ. ಶನಿವಾರ ಹೋಬರ್ನ್‌ನಲ್ಲಿ ಭಾಷಣ. ಆಕೆಗೆ ಇಂಗ್ಲಿಷ್ ಬರಲ್ಲ. ಅನುವಾದ ಮಾಡ್ಬೇಕಾಗಿದ್ದ ಹುಡುಗಿ ಕಾಲು ಮುರ್ಕೊಂಡಿದ್ದಾಳೆ. ನಿಮ್ಮ ಕಡೆ ಮಾತೂ ಬರ್ಬೇಕು, ಬ್ಯಾಂಕಿಂಗೂ ಗೊತ್ತಿರ್ಬೇಕು. ನಿಮ್ಮನ್ನ ಬಿಟ್ರೆ ಯಾರಿದ್ದಾರೆ ಹೇಳಿ? ಮೈಕ್ರೊಫೈನಾನ್ಸ್ ವಿಷಯ."

"ಮೈಕ್ರೊಫೈನಾನ್ಸ್... ಹಾಂ, ಹಾಂ" ಎಂದ ಮಹಾಲಿಂಗಪ್ಪ, ಬೆಳಿಗ್ಗೆಯಷ್ಟೇ ಅದನ್ನು ಮುಗಿಸಿ ಬಂದವನಂತೆ. "ನಮ್ಮನ್ಯಾಗ ಇಳಕೊಳ್ಳಲಿ ಬಿಡ್ರಿ."

ಫೋನು ಇಟ್ಟ ಮೇಲೆ ಆ ಶಬ್ದವನ್ನು ಎರಡಾಗಿ ಮುರಿದು ನೋಡಿದ. ಮೈಕ್ರೊ ಎಂದರೆ ಸಣ್ಣದು. ಫೈನಾನ್ಸ್ ಎಂದರೇನೆಂದು ಬಿಜಾಪುರದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ ಸ್ಟ್ಯಾಂಡಿನ ಎದುರು ಕರೀ ಗಾಜಿನ ಬಾಗಿಲು. ಒಳಗೆ ದಪ್ಪ ಮೀಸೆಯವನೊಬ್ಬ. ಕಂತು ತಪ್ಪಿದರೆ ಮನೆಯ ಮುಂದೆ ಮೂರು ಜನ ಬಂದು ಕೂರುವುದು. ಅವನ ಸೋದರಮಾವನ ಲೂನಾ ಗಾಡಿಯನ್ನು ಒಂದು ಫೈನಾನ್ಸಿನವರು ಮದುವೆ ಮನೆಯಿಂದಲೇ ತಳ್ಳಿಕೊಂಡು ಹೋಗಿದ್ದರು. ಮಾವ ಊಟದ ಎಲೆ ಬಿಟ್ಟು ಹಿಂದೆ ಓಡಿದ್ದ. ಹಾಗಾದರೆ ಈ ಕಾಶವ್ವ ಬಡ್ಡಿ ವ್ಯವಹಾರದ ಹೆಂಗಸು!

"ಡ್ಯಾಡ್, ಇಟ್ಸ್ ನಾಟ್ ದಟ್ ಅಟ್ ಆಲ್" ಎಂದು ಸ್ಫೂರ್ತಿ ಏನೋ ವಿವರಿಸಲು ಬಂದಳು.

"ನೀ ಪರೀಕ್ಷಾಕ್ಕ ಓದು. ಫೈನಾನ್ಸ್ ಅಂದ್ರ ಏನಂತ ನನಗ ಗೊತ್ತೈತಿ" ಎಂದ ಅಪ್ಪ. ಹದಿನಾಲ್ಕು ವರ್ಷ ಬ್ಯಾಂಕಿನಲ್ಲಿದ್ದವನು ತಾನೇ.

ಅವನ ಭಯ ಅವನಲ್ಲೇ ಉಳಿದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಸಂಜೆ ಬಸ್ಸಿನಲ್ಲಿ ಬರುವಾಗ ಅದನ್ನು ನಾಗಲಿಂಗಪ್ಪನ ಕಿವಿಗೆ ಹಾಕಿದ. ನಾಗಲಿಂಗಪ್ಪ ಕಲಬುರ್ಗಿಯವನು, ಇಲ್ಫರ್ಡ್ ದಾರಿಯ ಬಸ್ಸಿನ ಡ್ರೈವರ್. ಅವನಿಗೆ ಹೇಳಿದ ಸುದ್ದಿ ಪ್ರತಿ ನಿಲ್ದಾಣದಲ್ಲೂ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ಬುಧವಾರ ನಮ್ಮನಿಗೆ ಊರಿಂದ ಫೈನಾನ್ಸಿನಾಕಿ ಬರಾಕತ್ತಾಳಪಾ" ಎಂದ ಮಹಾಲಿಂಗಪ್ಪ, ನಿಟ್ಟುಸಿರಿನೊಡನೆ.

ನಾಗಲಿಂಗಪ್ಪ ಬ್ರೇಕು ಒತ್ತಿದ ರೀತಿಗೆ ಹಿಂದೆ ನಿಂತವರೆಲ್ಲ ಮುಂದೆ ಬಂದರು. "ಎಷ್ಟಪಾ?" ಎಂದು ಮೆತ್ತಗೆ ಕೇಳಿದ.

"ಐದು" ಎಂದ ಮಹಾಲಿಂಗಪ್ಪ. ಅವನ ಲೆಕ್ಕ ಆಕೆ ಇರುವ ದಿನಗಳದ್ದು. ನಾಗಲಿಂಗಪ್ಪನ ಲೆಕ್ಕದಲ್ಲಿ ಅದು ಲಕ್ಷವಾಯಿತು.

ಬುಧವಾರ ಕಾಶವ್ವ ಬಂದಿಳಿದಳು. ಐವತ್ತೈದರ ಆಸುಪಾಸು. ಇಳಕಲ್ ಸೀರೆ, ಮೇಲೊಂದು ಗಂಡಸರ ಸ್ವೆಟರ್, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಹೆಗಲಿಗೆ ಬಟ್ಟೆಯ ಚೀಲ. ಚೀಲದಲ್ಲಿ ಒಂದು ಉದ್ದನೆಯ ರಿಜಿಸ್ಟರು, ಒಂದು ರಸೀದಿ ಪುಸ್ತಕ. ಅದನ್ನು ಕಂಡೇ ಮಹಾಲಿಂಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಮೊದಲ ಊಟದಲ್ಲಿ ಉಪಾಯವಾಗಿ ಕೇಳಿದ: "ವ್ಯವಹಾರ ಹ್ಯಾಂಗ ನಡದೈತ್ರಿ, ಕಾಶವ್ವಾರ?"

"ಚಲೋ ನಡದೈತ್ರಿ ಸಾಹೇಬ್ರ. ವಾರಕ್ಕೊಮ್ಮೆ ವಸೂಲಿ. ನೂರಕ್ಕ ನೂರು ಬರತೈತ್ರಿ."

"ನೂರಕ್ಕ ನೂರು! ನಮ್ಮ ಬ್ಯಾಂಕಿನ್ಯಾಗೂ ಅಷ್ಟು ಬರಂಗಿಲ್ಲ. ಮತ್ತ... ಯಾರರ ಕೊಡಲಿಲ್ಲಂದ್ರ?"

"ಹತ್ತೊಂಬತ್ತು ಮಂದಿ ಕೂಡೇ ಆಕಿ ಮನಿಗೆ ಹೋಗ್ತೀವ್ರಿ."

"ಹೋಗಿ?"

"ಹೋಗಿ ಕುಂಡ್ರತೀವಿ" ಎಂದು ಕಾಶವ್ವ ರೊಟ್ಟಿ ಮುರಿದಳು.

ಮಹಾಲಿಂಗಪ್ಪ ತನ್ನ ತಾಟನ್ನು ಪಕ್ಕಕ್ಕೆ ಸರಿಸಿದ. ಮೂರು ಜನಕ್ಕೇ ಮಾವ ಎಲೆ ಬಿಟ್ಟು ಓಡಿದ್ದ, ಇದು ಹತ್ತೊಂಬತ್ತು!

ಮಾರನೆಯ ಬೆಳಿಗ್ಗೆ ಕಾಶವ್ವ ಇನ್ನೊಂದು ಅನಾಹುತ ಮಾಡಿದಳು. ಲಂಡನ್ನಿನಲ್ಲಿ ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಒಳಗಿನ ಸೋಫಾ ಅವಳಿಗೆ ಹುದುಲಿನಲ್ಲಿ ಕೂತಂತೆ ಆಗುತ್ತಿತ್ತು. ಅವಳು ಚೀಲ ತೆಗೆದುಕೊಂಡು ಹೋಗಿ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ರಿಜಿಸ್ಟರು ಬಿಚ್ಚಿ, ಶನಿವಾರದ ಮಾತುಗಳನ್ನು ತನ್ನಷ್ಟಕ್ಕೆ ಹೇಳಿಕೊಳ್ಳತೊಡಗಿದಳು.

ಇಲ್ಫರ್ಡ್ ಬೀದಿಯ ಮನೆಗಳು ಒಂದರ ಮಗ್ಗುಲಿಗೊಂದು ಅಂಟಿಕೊಂಡಿವೆ. ಒಂದು ಮೆಟ್ಟಿಲ ಮೇಲೆ ಕೂತವರು ಅರವತ್ತು ಕಿಟಕಿಗಳಿಗೆ ಕಾಣುತ್ತಾರೆ. "ಫೈನಾನ್ಸಿನಾಕಿ ಬಾಗಿಲಿಗೇ ಕುಂತಾಳ" ಎಂಬ ಸುದ್ದಿ ಮಧ್ಯಾಹ್ನದೊಳಗೆ ಆಚೆ ಬಡಾವಣೆ ಈಸ್ಟ್ ಹ್ಯಾಮ್ ಮುಟ್ಟಿತು. ಪಕ್ಕದ ಮನೆಯ ಡೋರೀನ್ ಎಂಬ ಇಂಗ್ಲಿಷ್ ಮುದುಕಿಗೆ ಕನ್ನಡವೂ ಗೊತ್ತಿಲ್ಲ, ಫೈನಾನ್ಸೂ ಗೊತ್ತಿಲ್ಲ. ಅವಳೊಬ್ಬಳು ಮಾತ್ರ ಚಹಾ ತಂದು ಪಕ್ಕದಲ್ಲಿ ಕೂತಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆಯೇ ಇಬ್ಬರೂ ಮೊಣಕಾಲು ನೋವಿನ ವಿಷಯ ಸಂಪೂರ್ಣ ಚರ್ಚಿಸಿದರು.

ಉಡುಪಿ ಹೋಟೆಲಿನ ಐತಪ್ಪ ಎರಡು ಡಬ್ಬಿ ಇಡ್ಲಿ ಹಿಡಿದು ಹಿತ್ತಲ ಬಾಗಿಲಿನಿಂದ ಬಂದ. "ಹೆದರ್ಬೇಡಿ ಮಾರಾಯ್ರೆ. ಕಷ್ಟ ಎಲ್ಲರಿಗೂ ಬರ್ತದೆ. ನಿಮ್ಮ ಬ್ಯಾಂಕಲ್ಲೇ ಸಾಲ ತೆಗೀಬಹುದಿತ್ತಲ್ಲ?" ಎಂದ.

"ಯಾಕ?" ಎಂದ ಮಹಾಲಿಂಗಪ್ಪ.

ಐತಪ್ಪ ಅವನ ಭುಜ ತಟ್ಟಿದ. ಮಾನವಂತ, ಬಾಯಿ ಬಿಡುತ್ತಿಲ್ಲ ಎಂದುಕೊಂಡು ಕಣ್ಣೊರೆಸಿಕೊಂಡು ಹೋದ.

ಶುಕ್ರವಾರ ನಾಗಲಿಂಗಪ್ಪ ಸಮವಸ್ತ್ರದಲ್ಲೇ ಬಂದು ಮೆಟ್ಟಿಲ ಕೆಳಗೆ ನಿಂತ. ಕೈಯಲ್ಲಿ ಲಕೋಟೆ. ಹನ್ನೊಂದು ಮನೆಗಳಿಂದ ಕೂಡಿಸಿದ ಇನ್ನೂರ ಎಂಬತ್ತು ಪೌಂಡು. "ಅವ್ವಾ, ಇದನ್ನ ತಗೋರಿ. ಅವನ್ನ ಬಿಡ್ರಿ. ಮರ್ಯಾದಸ್ಥ ಅದಾನ" ಎಂದು ಕೈ ಮುಗಿದ.

ಕಾಶವ್ವನಿಗೆ, ಸಾಹೇಬರೊಬ್ಬರನ್ನು ಬಿಟ್ಟು ಉಳಿದವರೆಲ್ಲ ತನ್ನ ಹೆಂಗಸರ ಸಂಘಕ್ಕೆ ದೇಣಿಗೆ ಕೊಡುತ್ತಿದ್ದಾರೆ ಎನ್ನಿಸಿತು. "ದಾನ ನಾವು ತಗೊಳ್ಳಂಗಿಲ್ಲ ತಮ್ಮಾ. ಠೇವಣಿ ಅಂತ ಬರಕೋತೀನಿ. ವರ್ಷಕ್ಕ ಬಡ್ಡಿ ಕೂಡತೈತಿ" ಎಂದು ಹೇಳಿ ಹನ್ನೊಂದು ಹೆಸರಿಗೂ ಹನ್ನೊಂದು ರಸೀದಿ ಹರಿದಳು. "ಉಳಿದಿದ್ದು ನಾಳೆ ಸಭಾದಾಗ ಕೇಳತೀನಿ. ದೊಡ್ಡ ಮೊತ್ತ ಐತಿ."

ನಾಗಲಿಂಗಪ್ಪ ರಸೀದಿ ಹಿಡಿದು ಓಡಿದ. "ಕೊಟ್ಟ ರೊಕ್ಕಕ್ಕೂ ಬಡ್ಡಿ ಹಾಕತಾಳಂತ್ರೆಪ್ಪೋ! ನಾಳೆ ನಾಕ ಮಂದಿ ಮುಂದ ಉಳಿದಿದ್ದು ಕೇಳತಾಳಂತ!"

ಹೀಗಾಗಿ ಶನಿವಾರ ಹೋಬರ್ನಿನ ಸಭಾಂಗಣದ ಹಿಂದಿನ ಮೂರು ಸಾಲು ಇಲ್ಫರ್ಡಿನ ಕನ್ನಡಿಗರಿಂದ ತುಂಬಿಹೋಗಿತ್ತು. ಬಡ ರಾಷ್ಟ್ರಗಳ ಮಹಿಳೆಯರ ಬಗ್ಗೆ ಲಂಡನ್ನಿನ ಕನ್ನಡಿಗರಿಗೆ ಇಷ್ಟೊಂದು ಕಾಳಜಿಯೇ ಎಂದು ಟ್ರಸ್ಟಿನ ಅಧ್ಯಕ್ಷೆ ಮಿಸೆಸ್ ಪೆಂಬರ್ಟನ್ ಬೆರಗಾದಳು. ಅಂದು ಟ್ರಸ್ಟ್ ಮೂರು ದೇಶಗಳ ಮೂವರ ಮಾತು ಕೇಳಿ, ಒಬ್ಬರಿಗೆ ಮಾತ್ರ ಹಣ ಕೊಡುವುದಿತ್ತು. ಕಾಶವ್ವನ ಹಿಂದೆ ಮುನ್ನೂರು ಸಂಘಗಳು, ಆರು ಸಾವಿರ ಹೆಂಗಸರು ಇದ್ದರು. ಅವರೆಲ್ಲ ಸೇರಿ ತಮ್ಮದೇ ಸೊಸೈಟಿ ಕಟ್ಟಲು ಹೊರಟಿದ್ದರು. ಆರು ಸಾವಿರ ಜನರ ಭಾಗ್ಯ ಮಹಾಲಿಂಗಪ್ಪನ ಇಂಗ್ಲಿಷಿನ ಮೇಲೆ ನಿಂತಿತ್ತು. ಇದನ್ನು ಆ ಆರು ಸಾವಿರ ಜನಕ್ಕೆ ಯಾರೂ ಹೇಳಿರಲಿಲ್ಲ, ಅದು ಅವರ ಪುಣ್ಯ.

ಕಾಶವ್ವ ಎದ್ದು ಕೈ ಮುಗಿದು, "ನಮ್ಮ ಸಂಘದಾಗ ವಸೂಲಿ ನೂರಕ್ಕ ನೂರು" ಎಂದು ಶುರುಮಾಡಿದಳು.

ಮಹಾಲಿಂಗಪ್ಪ ಮೈಕನ್ನು ತನ್ನ ಕಡೆ ಎಳೆದುಕೊಂಡ. ಊರಿನ ಮಾನ ಉಳಿಸುವುದು ತನ್ನ ಕರ್ತವ್ಯ ಎನ್ನಿಸಿತು. ಈ ಹೆಂಗಸು ಬಹಳ ಮೃದು ಸ್ವಭಾವದವಳೆಂದೂ, ಯಾರ ಗಾಡಿಯನ್ನೂ ಈವರೆಗೆ ತಳ್ಳಿಕೊಂಡು ಹೋಗಿಲ್ಲವೆಂದೂ ಇಂಗ್ಲಿಷಿನಲ್ಲಿ ಹೇಳಿದ. ಮಿಸೆಸ್ ಪೆಂಬರ್ಟನ್ ಕನ್ನಡಕ ತೆಗೆದು, ಗಾಡಿಯ ಮಾತು ಯಾವ ಪುಟದಲ್ಲಿದೆ ಎಂದು ಕಾಗದ ಹುಡುಕಿದಳು. ಹಿಂದಿನ ಸಾಲಿನಲ್ಲಿ ಸ್ಫೂರ್ತಿ ಮುಖ ಮುಚ್ಚಿಕೊಂಡಳು.

ಕಾಶವ್ವ ಮುಂದುವರಿಸಿದಳು. "ಹತ್ತು ವರ್ಷದ ಹಿಂದ ಇಪ್ಪತ್ತು ಮಂದಿ ಹೆಣ್ಮಕ್ಕಳು ಕೂಡಿದ್ವಿ. ವಾರಕ್ಕ ಐದು ರೂಪಾಯಿ. ಬ್ಯಾಂಕಿಗೆ ಹೋದ್ರ ಸಿಪಾಯಿ ಬಾಗಿಲದಾಗ ನಿಂದ್ರಸತಿದ್ದ. ಅದಕ್ಕ ನಾವೇ ನಮಗ ಸಾಲ ಕೊಟ್ಕೊಂಡ್ವಿ. ಮೊದಲನೇ ಸಾಲ ಇನ್ನೂರು ರೂಪಾಯಿ. ಎಲ್ಲಾರಿಗೂ ಬೇಕಾಗಿತ್ತು, ಯಾರೂ ಬಾಯಿ ಬಿಡಲಿಲ್ಲ. ಕಡೀಕ ಎಲ್ಲಾರೂ ಕೂಡಿ ಸಂಗವ್ವಗ ಕೊಡ್ರಿ ಅಂದ್ರು. ಆಕಿ ಕೌದಿ ಹೊಲಿಯೂವಾಕಿ. ಸೂಜಿ ಕಣ್ಣು ಕಾಣದಂಗಾಗಿತ್ತು. ಆ ಇನ್ನೂರು ರೂಪಾಯಿಗೆ ಕನ್ನಡಕ ತಂದಳು."

ಮಹಾಲಿಂಗಪ್ಪ ಕಾಶವ್ವನ ಕಡೆ ತಿರುಗಿ ನೋಡಿದ. ಕರೀ ಗಾಜಿನ ಬಾಗಿಲು, ದಪ್ಪ ಮೀಸೆ ಎಲ್ಲ ಎಲ್ಲಿಗೋ ಹೋದವು. ಇದು ಅವನು ತಿಳಿದ ಫೈನಾನ್ಸ್ ಅಲ್ಲ. ಹೇಗೋ ಹೇಗೋ ತಡವರಿಸಿ, ಪುರಾತನ ಬಟ್ಟೆಗಳ ಹಾಸಿಗೆ ಎಂದೆಲ್ಲ ಸುತ್ತಿ, ಕೌದಿಯನ್ನು ಇಂಗ್ಲಿಷಿಗೆ ತಂದ.

ಮುಂದಿನ ಸಾಲಿನಲ್ಲಿ ಬೂದು ಸೂಟಿನವನೊಬ್ಬ ಕೈ ಎತ್ತಿದ. ಅಡವಿಲ್ಲ, ಕಾಗದವಿಲ್ಲ, ಆಕೆ ಕಂತು ಕಟ್ಟದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ.

"ಕಟ್ಟಲಿಲ್ಲರೀ" ಎಂದಳು ಕಾಶವ್ವ. "ಬಂಡ್ಯಾಗಿಂದ ಬಿದ್ದು ಕೈ ಮುರಕೊಂಡಳು. ನಾಲ್ಕು ವಾರ ಮಾರಿ ತೋರಸಲಿಲ್ಲ. ಹತ್ತೊಂಬತ್ತು ಮಂದಿ ಕೂಡೇ ಆಕಿ ಮನಿಗೆ ಹೋದ್ವಿ."

"ಹೋಗಿ?" ಎಂದ ಮಹಾಲಿಂಗಪ್ಪ, ಅನುವಾದ ಮರೆತು.

"ಕುಂತ್ವಿ. ಕುಂತು, ಆಕಿ ಅರ್ಧಕ್ಕ ಬಿಟ್ಟಿದ್ದ ಕೌದಿ ತಗೊಂಡ್ವಿ. ಒಬ್ಬಾಕಿ ಒಂದು ಮೂಲಿ, ಇನ್ನೊಬ್ಬಾಕಿ ಇನ್ನೊಂದು ಮೂಲಿ. ಆಕಿ ಹಾಸಿಗಿ ಮ್ಯಾಲೆ ಕುಂತು, ಹಿಂಗಲ್ಲ ಹಂಗ ಹಾಕು ಟಾಕಿ ಅಂತ ಬೈಯೂದು, ನಾವು ಹೊಲಿಯೂದು. ಆರು ದಿನದಾಗ ನಾಲ್ಕು ಕೌದಿ ಆದ್ವು. ಸಂತಿಗೊಯ್ದು ಮಾರಿದ್ವಿ. ಕಂತು ತುಂಬಿದ್ವಿ. ಉಳಿದ ರೊಕ್ಕ ಆಕಿ ಕೈಯಾಗಿಟ್ವಿ. ಕೈ ಮುರದಾಗ ಅತ್ತಿರಲಿಲ್ಲ ನೋಡ್ರಿ, ಅವತ್ತು ಅತ್ತಳು."

ಸಭೆ ಮಹಾಲಿಂಗಪ್ಪನ ಮುಖ ನೋಡಿತು. ಅವನಿಗೆ ಇಂಗ್ಲಿಷ್ ಬರಲಿಲ್ಲ. ಕನ್ನಡವೂ ಬರಲಿಲ್ಲ. ಮೈಕಿನಲ್ಲಿ ಅವನ ಉಸಿರು ಮಾತ್ರ ಕೇಳುತ್ತಿತ್ತು. ಹಿಂದಿನಿಂದ ನಾಗಲಿಂಗಪ್ಪ ಜೋರಾಗಿ ಮೂಗು ಸೀಟಿದ. ಆಗ ಸ್ಫೂರ್ತಿ ಎದ್ದು ನಿಂತಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಆ ಹುಡುಗಿ, ಕಾಶವ್ವ ಹೇಳಿದ್ದನ್ನು ಒಂದು ಟಾಕಿಯನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಹೇಳಿ ಮುಗಿಸಿದಾಗ ಬೂದು ಸೂಟಿನವನು ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದ.

ಮಿಸೆಸ್ ಪೆಂಬರ್ಟನ್ ಮೆಲ್ಲಗೆ ಮಹಾಲಿಂಗಪ್ಪನ ಕಡೆ ತಿರುಗಿದಳು. ನೀವು ಹಿರಿಯ ಬ್ಯಾಂಕರ್ ಎಂದು ಉದಯಶಂಕರ್ ಹೇಳಿದ್ದಾರೆ. ನಿಮ್ಮ ಬ್ಯಾಂಕು ಸಂಗವ್ವನಿಗೆ ಕನ್ನಡಕಕ್ಕೆ ಸಾಲ ಕೊಡುತ್ತಿತ್ತೇ ಎಂದು ಕೇಳಿದಳು.

ಮೂರು ಸಾಲು ಕನ್ನಡಿಗರು ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿದರು. ಮಹಾಲಿಂಗಪ್ಪ ಟೈ ಮುಟ್ಟಿಕೊಂಡ. ಪಕ್ಕದಲ್ಲಿ ಕ್ಯಾನ್ವಾಸ್ ಬೂಟಿನ ಹೆಂಗಸು ತನಗೆ ತಿಳಿಯದ ಭಾಷೆಯಲ್ಲಿ ತನ್ನ ಪರವಾಗಿ ಏನು ಬರುತ್ತದೋ ಎಂದು ಕಾಯುತ್ತಿದ್ದಳು.

"ಕೊಡುತ್ತಿರಲಿಲ್ಲ ಮೇಡಂ" ಎಂದ ಇಂಗ್ಲಿಷಿನಲ್ಲಿ. "ನನಗೆ ಗೊತ್ತು. ನಾನು ಬ್ಯಾಂಕರ್ ಅಲ್ಲ, ಟಪಾಲು ಕೋಣೆಯವನು. ಸಾಲ ಇಲ್ಲ ಎಂದು ಬರೆದ ಕಾಗದಗಳನ್ನು ಹದಿನಾಲ್ಕು ವರ್ಷಗಳಿಂದ ಲಕೋಟೆಗೆ ಹಾಕಿ ಅಂಟಿಸುವವನು ನಾನೇ. ದಿನಕ್ಕೆ ಇನ್ನೂರು, ಕೆಲವೊಮ್ಮೆ ಮುನ್ನೂರು. ಅವನ್ನು ಪಡೆದವರಲ್ಲಿ ಯಾರಿಗೋ ಕನ್ನಡಕ ಬೇಕಾಗಿತ್ತು ಎಂದು ನನಗೆ ಹೊಳೆದಿರಲಿಲ್ಲ."

ಉದಯಶಂಕರ್ ಬಾಯಿ ತೆರೆದರು; ಜೀವನದಲ್ಲಿ ಮೊದಲ ಬಾರಿಗೆ ಅದರಿಂದ ಮಾತು ಹೊರಡಲಿಲ್ಲ. ಹದಿನಾಲ್ಕು ವರ್ಷಗಳಲ್ಲಿ ಕೊಟ್ಟ ಬಡ್ತಿಗಳೆಲ್ಲ ಒಂದೇ ನಿಮಿಷದಲ್ಲಿ ವಾಪಸು ಬಂದಿದ್ದವು.

"ಏನಂದ್ರಿ ಸಾಹೇಬ್ರ?" ಎಂದು ಕಾಶವ್ವ ಅಂಗಿ ಜಗ್ಗಿದಳು. ಅವನು ತಲೆ ತಗ್ಗಿಸಿ ಹೇಳಿದ.

"ಟಪಾಲಿನ್ಯಾಗ ಅದೀರೇನು?" ಕಾಶವ್ವನ ಮುಖ ಅರಳಿತು. "ಚಲೋ ಆತಲ್ರಿ! ನಮ್ಮ ಅರ್ಜಿ ಎಂಟು ಸಲ ಬ್ಯಾಂಕಿಗೆ ಹೋಗಿ ಟಪಾಲಿನ್ಯಾಗೇ ಕಳದಿತ್ತು. ಅಲ್ಲೊಬ್ಬ ನಿಮ್ಮಂಥಾವ ಇದ್ದಿದ್ರ ಹತ್ತು ವರ್ಷದ ಕೆಲಸ ಎರಡ ವರ್ಷದಾಗ ಆಗತಿತ್ತು."

ಸ್ಫೂರ್ತಿ ಇದನ್ನೂ ಅನುವಾದಿಸಿಬಿಟ್ಟಳು. ಸಭೆ ನಕ್ಕಿತು, ಬೂದು ಸೂಟಿನವನು ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ಮಿಸೆಸ್ ಪೆಂಬರ್ಟನ್ ಎಷ್ಟು ದಾನ ಬೇಕು ಎಂದು ಕೇಳಿದ್ದಕ್ಕೆ ಕಾಶವ್ವ, ದಾನ ಬೇಡ, ಐದು ವರ್ಷಕ್ಕೆ ಸಾಲ ಕೊಡಿ, ಬಡ್ಡಿ ಎಷ್ಟೆಂದು ಈಗಲೇ ಹೇಳಿ ಎಂದು ಚೌಕಾಸಿಗಿಳಿದಳು. ಅರ್ಧ ಗಂಟೆ ಎಳೆದಾಡಿ ಅರ್ಧ ಪರ್ಸೆಂಟ್ ಇಳಿಸಿದಳು. ಉಳಿದಿಬ್ಬರ ಮಾತೂ ಮುಗಿದ ಮೇಲೆ, ಸಂಜೆ ಐದಕ್ಕೆ ಟ್ರಸ್ಟ್ ಕಾಶವ್ವನಿಗೇ ಸಾಲ ಕೊಡಲು ಒಪ್ಪಿತು. ಆಕೆ ರಿಜಿಸ್ಟರಿನಲ್ಲಿ ಅವರ ಸಹಿ ತೆಗೆದುಕೊಂಡಾಗ, ಸಾಲ ಕೊಡುವವರು ಯಾರು, ಪಡೆಯುವವರು ಯಾರು ಎಂದು ನೋಡಿದವರಿಗೆ ಗೊತ್ತಾಗುತ್ತಿರಲಿಲ್ಲ.

ಹೊರಗೆ ಬಂದಾಗ ನಾಗಲಿಂಗಪ್ಪ ಓಡಿ ಬಂದು ಮಹಾಲಿಂಗಪ್ಪನನ್ನು ಅಪ್ಪಿಕೊಂಡ. "ಅಂದ್ರ ನೀ ಸಾಲಾ ಮಾಡಿಲ್ಲೇನಪಾ?"

"ಯಾವ ಸಾಲ?" ಎಂದ ಮಹಾಲಿಂಗಪ್ಪ. ಆಗ ಎಲ್ಲ ಬಯಲಾಯಿತು. ಅಂಡರ್‌ಗ್ರೌಂಡ್ ರೈಲಿನಲ್ಲಿ ಹನ್ನೊಂದು ಮನೆಯವರೂ ತಮ್ಮ ತಮ್ಮ ರಸೀದಿ ತೆಗೆದು ಓದಿದರು. ಯಾರೂ ಹಣ ವಾಪಸು ಕೇಳಲಿಲ್ಲ. ಐತಪ್ಪನಂತೂ ತನ್ನ ರಸೀದಿಯನ್ನು ಮಡಚಿ ದೇವರ ಪಟದ ಹಿಂದೆ ಇಡುತ್ತೇನೆ ಎಂದ.

ಭಾನುವಾರ ಮಧ್ಯಾಹ್ನ, ಕಾಶವ್ವ ಹೊರಡುವ ಹಿಂದಿನ ದಿನ, ಮಹಾಲಿಂಗಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಹದಿಮೂರು ಹೆಂಗಸರು ಸೇರಿದ್ದರು. ಯಾರು ಕರೆದರು ಎಂದು ಗೊತ್ತಿಲ್ಲ. ಡೋರೀನ್ ಬಿಸ್ಕತ್ತಿನ ಡಬ್ಬಿ ಹಿಡಿದು ಬಂದಿದ್ದಳು; ಅವಳಿಗೆ ಸ್ಫೂರ್ತಿ ಕಿವಿಯಲ್ಲಿ ಹೇಳುತ್ತಿದ್ದಳು. ಗಂಡಸರು ಒಳಗೆ ಕಾಲಿಡುವಂತಿಲ್ಲ ಎಂದು ಕಾಶವ್ವ ಅಪ್ಪಣೆ ಮಾಡಿದ್ದಳು. ಮಹಾಲಿಂಗಪ್ಪ, ನಾಗಲಿಂಗಪ್ಪ, ಐತಪ್ಪ ಅಡಿಗೆಮನೆಯಲ್ಲಿ ನಿಂತು ಚಹಾ ಕುದಿಸುತ್ತಿದ್ದರು.

"ಯಾರಿಗೆ ಏನು ಬೇಕಾಗೇತಿ, ಒಬ್ಬೊಬ್ಬರ ಹೇಳ್ರಿ" ಎಂದು ಕಾಶವ್ವನ ದನಿ ಕೇಳಿತು.

ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಹೋಗುವ ಸದ್ದು ಬಂತು. ಆಮೇಲೆ ಒಂದು ದನಿ ಎದ್ದಿತು. ಅದು ತನ್ನ ಹೆಂಡತಿಯದು ಎಂದು ಗುರುತು ಹಿಡಿಯಲು ಮಹಾಲಿಂಗಪ್ಪನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ನನಗ ಕಾರು ಕಲಿಸೂ ಕೆಲಸ ಮಾಡಬೇಕಾಗೇತ್ರಿ" ಎಂದಳು ನೀಲಾಂಬಿಕಾ. "ನಮ್ಮ ಕಡಿ ಹೆಣ್ಮಕ್ಕಳು ಗಂಡಸರ ಬಾಜೂಕ ಕುಂತು ಇಂಗ್ಲಿಷಿನ್ಯಾಗ ಬೈಸ್ಕೊಂತ ಕಲಿಯಾಕ ಅಂಜತಾರ. ನಾ ಕನ್ನಡದಾಗ ಕಲಿಸ್ತೀನಿ. ಮೊದಲು ನಾ ಕಲೀಬೇಕಲ್ರೀ. ಲೈಸೆನ್ಸಿನ ಥಿಯರಿ ಪರೀಕ್ಷಾ ಎರಡು ಸಲ ಪಾಸಾಗೇನಿ. ಒಮ್ಮೆ ಪಾಸಾದ್ರ ಎರಡ ವರ್ಷ ನಡೀತೈತಿ. ಮೊದಲಿಂದು ಅವಧಿ ಮುಗದು ಹೋತು, ಕಾರು ಕಲಿಯಾಕ ರೊಕ್ಕ ಕೂಡಲಿಲ್ಲ. ಎರಡನೇದು ಇನ್ನೂ ಏಳು ತಿಂಗಳೈತಿ."

ಮಹಾಲಿಂಗಪ್ಪನ ಕೈಯಲ್ಲಿ ಜರಡಿ ಹಾಗೆಯೇ ನಿಂತಿತು. ಎರಡು ಸಲ! ಯಾವಾಗ ಓದಿದಳು? ಒಗೆಯುವ ಯಂತ್ರಗಳ ಆ ಗದ್ದಲದಲ್ಲಿ ನಿಂತು? ಪರೀಕ್ಷೆಗೆ ಯಾವ ಬಸ್ಸಿನಲ್ಲಿ ಹೋಗಿ ಬಂದಳು? ಪಾಸಾದ ದಿನ ಮನೆಗೆ ಬಂದು ಏನು ಅಡಿಗೆ ಮಾಡಿದ್ದಳು, ಅವನು ಉಂಡು ಏನೆಂದಿದ್ದ?

ಒಳಗೆ ಅವಳು ಗಂಟೆಗೆ ಎಷ್ಟು, ಎಷ್ಟು ಪಾಠ ಬೇಕು, ಹಳೆಯ ಕಾರು ಎಲ್ಲಿ ಸಿಗುತ್ತದೆ ಎಂದು ಒಂದೊಂದಾಗಿ ಬಿಡಿಸಿ ಹೇಳುತ್ತಿದ್ದಳು, ಎಲ್ಲಿಯೂ ತಡವರಿಸದೆ.

"ಏನಂತಪಾ ಅಲ್ಲಿ? ಯಾರು ಮಾತಾಡಾಕತ್ತಾರ?" ಎಂದು ನಾಗಲಿಂಗಪ್ಪ ಪಿಸುಗುಟ್ಟಿದ. ಹಿಂದೆ ಒಲೆಯ ಮೇಲೆ ಚಹಾ ಉಕ್ಕಿ ಹರಿಯುತ್ತಿತ್ತು.

ಮಹಾಲಿಂಗಪ್ಪ ಬಾಗಿಲಿಗೆ ಕಿವಿ ಕೊಟ್ಟವನು ತಿರುಗಲಿಲ್ಲ. ಬಲಗೈ ಮೇಲೆತ್ತಿ ತಡೆದ.

"ಸುಮ್ನಿರೋ" ಎಂದ. "ಆಕಿ ಇನ್ನೂ ಹೇಳಾಕತ್ತಾಳ."